ಆನೆಗೊಂದಿಯಿಂದ ಸಾಣಾಪುರಕ್ಕೆ ಎಷ್ಟು ದೂರ

2020ರ ಮಾರ್ಚ್ ಮೊದಲ ವಾರ ಹಂಪಿಯೆದುರು ತುಂಗಭದ್ರೆಯಲ್ಲಿರುವ ವಿರುಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ಜೆಸಿಬಿ ಹಚ್ಚಿ ಕೆಡವಿದಾಗ ಹಂಪಿಯ ಪರಂಪರೆ ಉಳಿಯಿತು ಎಂದು ಬಹಳ ಜನ ಸಮಾಧಾನಪಟ್ಟರು. ಕಾನೂನಿನ ದೃಷ್ಟಿಯಲ್ಲಿ ಆ ಸಮಾಧಾನಕ್ಕೆ ಆಧಾರವಿತ್ತು. ಗಡ್ಡಿ 1988ರ ರಾಜ್ಯ ಅಧಿಸೂಚನೆಯ ಪ್ರಕಾರ ಸಂರಕ್ಷಿತ ಪ್ರದೇಶ. ಅಲ್ಲಿ ವಾಣಿಜ್ಯ ಕಟ್ಟಡಗಳಿಗೆ ಅವಕಾಶವಿಲ್ಲ ಎಂದು ಹೈಕೋರ್ಟ್ ಹೇಳಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆದರೆ ಗಡ್ಡಿಯ ಗುಡಿಸಲುಗಳು ಹೋದವೆಂದು ಬರುವ ಪ್ರವಾಸಿಗರು ನಿಲ್ಲಲಿಲ್ಲ, ಅವರನ್ನು ನೆಚ್ಚಿಕೊಂಡಿದ್ದ ವ್ಯಾಪಾರವೂ ನಿಲ್ಲಲಿಲ್ಲ. ಅದು ಕೆಲವೇ ಕಿಲೋಮೀಟರ್ ಸರಿದು ಸಾಣಾಪುರ, ಹನುಮನಹಳ್ಳಿಗಳ ಗದ್ದೆಬದಿಗೆ, ಬಂಡೆಗಳ ಮಗ್ಗುಲಿಗೆ, ಕಾಲುವೆಯ ದಂಡೆಗೆ ಬಂದು ಕೂತಿತು. ಒಂದು ಕಡೆ ತೆರವು, ಇನ್ನೊಂದು ಕಡೆ ತಲೆ ಎತ್ತುವುದು: ಹೊಳೆಯ ಈ ದಂಡೆಯಲ್ಲಿ ಪರಂಪರೆ ಕಾಯುವ ಕೆಲಸ ಬಹಳ ಮಟ್ಟಿಗೆ ಹೀಗೇ ನಡೆದಿದೆ.

ಅದೇ ದಂಡೆಯ ಆನೆಗೊಂದಿಯಲ್ಲಿ ಬೇರೊಂದು ಬಗೆಯ ಕೆಲಸ ಕಾಲು ಶತಮಾನಕ್ಕೂ ಮೀರಿ ನಡೆದು ಬಂದಿದೆ. 1997ರಲ್ಲಿ ಕಲಾವಿದೆ ಶಾಮಾ ಪವಾರ್ ಅಲ್ಲಿ ಕಿಷ್ಕಿಂಧಾ ಟ್ರಸ್ಟ್ ಕಟ್ಟಿದರು. ಬಾಳೆ ನಾರಿನ ಕಸುಬು, ಹಳೆಯ ಮನೆಗಳ ದುರಸ್ತಿ, ಊರಲ್ಲೇ ಉಳಿಯುವ ಪ್ರವಾಸಿಗರಿಗೆ ವಸತಿ, ಕಸದ ವಿಲೇವಾರಿ, ಮಕ್ಕಳಿಗೆ ಕಲೆಯ ಕಲಿಕೆ ಇವು ಅದರ ಕೆಲಸಗಳು. ಆನೆಗೊಂದಿಗೂ ಸಾಣಾಪುರಕ್ಕೂ ತಾಲ್ಲೂಕು ಒಂದೇ, ಹೊಳೆ ಒಂದೇ. ಎರಡರ ಮೇಲೂ ಇರುವುದು 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆಯೇ. ಬರುವ ಜನವೂ ಹೆಚ್ಚುಕಡಿಮೆ ಅವರೇ. ಹಾಗಿದ್ದೂ ಒಂದು ಊರಿಗೆ ಪ್ರವಾಸೋದ್ಯಮ ಓಣಿಯ ಒಳಗಿಂದ ಬಂತು, ಇನ್ನೊಂದಕ್ಕೆ ಹೊರಗಿಂದ ಬಂದು ಮೇಲೆ ಬಿತ್ತು. ಈ ವ್ಯತ್ಯಾಸಕ್ಕೆ ಕಾರಣ ಹಲವು ಇರಬಹುದು. ಆದರೆ ಊರವರಿಗೂ ಕಾಯ್ದೆಗೂ ನಡುವೆ ನಿಂತು ದಿನನಿತ್ಯ ಕೆಲಸ ಮಾಡುವ ಒಂದು ಸಂಸ್ಥೆ ಇತ್ತೇ ಇಲ್ಲವೇ ಎಂಬುದು ಅವುಗಳಲ್ಲಿ ದೊಡ್ಡದು ಎಂಬುದೇ ನನ್ನ ವಾದ. ಅಂಥ ಸಂಸ್ಥೆಯ ಮಿತಿ ಏನು ಎಂಬುದನ್ನೂ ಆನೆಗೊಂದಿಯೇ ತೋರಿಸುತ್ತದೆ.

ಆನೆಗೊಂದಿ ಇಂದು ಗ್ರಾಮ ಪಂಚಾಯಿತಿಯ ಊರು. ಒಂದು ಕಾಲಕ್ಕೆ ರಾಜಧಾನಿ. ವಿಜಯನಗರ ಹೊಳೆಯ ತೆಂಕಣ ದಂಡೆಯಲ್ಲಿ ಬೆಳೆಯುವ ಮುನ್ನ ಅಧಿಕಾರದ ನೆಲೆ ಇದ್ದದ್ದು ಇಲ್ಲಿ. ವಿಜಯನಗರವನ್ನಾಳಿದ ಅರವೀಡು ಮನೆತನದವರು ಇಂದಿಗೂ ಇಲ್ಲಿದ್ದಾರೆ. ಕಡೆಬಾಗಿಲ ಕೋಟೆದ್ವಾರ, ಗಗನ ಮಹಲ್, ರಂಗನಾಥ ಗುಡಿ, ಛತ್ತಿನಲ್ಲಿ ಚಿತ್ರಗಳಿರುವ ಹುಚ್ಚಪ್ಪಯ್ಯನ ಮಠ, ಹೊಳೆ ನಡುಗಡ್ಡೆಯ ನವವೃಂದಾವನ, ಅವೆಲ್ಲಕ್ಕೂ ಎಷ್ಟೋ ಹಿಂದಿನ ಒನಕೆ ಕಿಂಡಿಯ ಬಂಡೆಚಿತ್ರ ಎಲ್ಲವೂ ಊರಿಗೆ ಹತ್ತಿರ. ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಈಗ ಅದರ ಮೂಲ ವಲಯ ಸುಮಾರು 42 ಚದರ ಕಿಲೋಮೀಟರ್, ಸುತ್ತಲ ಕಾವಲು ವಲಯ 194 ಚದರ ಕಿಲೋಮೀಟರಿಗೂ ಹೆಚ್ಚು. ಇಷ್ಟು ಅಗಲದ ನೆಲದಲ್ಲಿ 1600ಕ್ಕೂ ಮೀರಿ ಅವಶೇಷಗಳಿವೆ. ಕಲ್ಲಿಗಾದರೆ ಕಾವಲುಗಾರರಿದ್ದಾರೆ: ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯದ ಇಲಾಖೆ. ಅವರ ಕಾವಲೂ ಸಾಲದೆ 2019ರ ಜುಲೈನಲ್ಲಿ ನಿಧಿಗಳ್ಳರು ನವವೃಂದಾವನದಲ್ಲಿ ಮಾಧ್ವ ಯತಿ ವ್ಯಾಸರಾಜರ ವೃಂದಾವನವನ್ನೇ ಒಡೆದರು. ಮಠಗಳ ಅನುಯಾಯಿಗಳು ತಾವೇ ಬಂದು ಅದನ್ನು ಮರಳಿ ನಿಲ್ಲಿಸಿದರು. ಇನ್ನು ಕಲ್ಲಿನ ಗುಡಿಗಳ ನಡುವೆ ಜನ ಬದುಕಿರುವ ಮಣ್ಣಿನ ಮನೆಗಳಿಗೆ ಕಾವಲು ಯಾರು? ಅವು ಯಾವ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಇಲ್ಲ. ಅವು ಹೋದರೆ ಆನೆಗೊಂದಿ ಗುಡಿಗಳ ನಡುವಿನ ಒಂದು ಸಾಧಾರಣ ಸಿಮೆಂಟಿನ ಊರಾಗುತ್ತದೆ.

ಆ ಮನೆಗಳು ಬೀಳುವುದು ಜನಕ್ಕೆ ಅಭಿಮಾನ ಕಡಿಮೆಯಾದ್ದರಿಂದ ಎಂದು ಸಭೆಗಳಲ್ಲಿ ಹೇಳುವುದುಂಟು. ಈ ಮಾತು ನಿಜವಲ್ಲ, ಅನ್ಯಾಯದ್ದು ಕೂಡ. ಬಯಲುಸೀಮೆಯ ಮಾಳಿಗೆ ಮನೆ ಪ್ರತಿವರ್ಷ ಕೈಕೆಲಸ ಕೇಳುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಬಡಿಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆಗೆ ಸವಳು ಮಣ್ಣು ಹಾಕಿ ಬಡಿಯಬೇಕು, ಗೋಡೆಗೆ ಸಾರಣೆಯಾಗಬೇಕು, ಗೆದ್ದಲು ಹತ್ತಿದ ಜಂತಿ ಬದಲಾಗಬೇಕು. ಮನೆಯಲ್ಲಿ ಕೈ ಹೆಚ್ಚಿದ್ದಾಗ, ಮಣ್ಣೂ ಮರವೂ ಊರ ಸುತ್ತಲೇ ಸಿಗುತ್ತಿದ್ದಾಗ ಇದೆಲ್ಲ ಖರ್ಚೆನಿಸುತ್ತಿರಲಿಲ್ಲ. ಈಗ ಮರ ದುಬಾರಿ, ಜಂತಿ ಕೂಡಿಸುವುದು ಗೊತ್ತಿರುವ ಬಡಿಗ ವಿರಳ, ಮಕ್ಕಳು ಗಂಗಾವತಿಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಾರೆ. ಇದಕ್ಕೆ ಸರ್ಕಾರದ ವಸತಿ ಯೋಜನೆಗಳನ್ನು ಸೇರಿಸಿ ನೋಡಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ಕೇಂದ್ರದ ಲೆಕ್ಕದ ನೆರವು ಗೊತ್ತುಮಾಡಿದ್ದು ಹೊಸ ಪಕ್ಕಾ ಮನೆ ಕಟ್ಟುವವರಿಗೆ. ಮಣ್ಣಿನ ಮಾಳಿಗೆಯನ್ನು ರಿಪೇರಿ ಮಾಡಿ ಉಳಿಸಿಕೊಳ್ಳುತ್ತೇನೆ ಎಂದವರಿಗೆ ಅದರಲ್ಲಿ ದಾರಿಯಿಲ್ಲ. ಒಂದು ಇಲಾಖೆ ಹಳೆಯ ಮನೆ ಕೆಡವಬೇಡ ಎನ್ನುತ್ತದೆ, ಇನ್ನೊಂದು ಕೆಡವಿದರೆ ಮಾತ್ರ ಹಣ ಎನ್ನುತ್ತದೆ. ನಡುವೆ ಸಿಕ್ಕ ಮನೆಯ ಯಜಮಾನ ತನ್ನ ಸಂಸಾರದ ಅನುಕೂಲ ನೋಡಿಕೊಂಡರೆ ತಪ್ಪು ಹಿಡಿಯಲು ನಮಗೆ ಯಾವ ಅಧಿಕಾರವಿದೆ?

ಟ್ರಸ್ಟಿನ ಕೆಲಸದ ಹೆಚ್ಚುಗಾರಿಕೆ ಇರುವುದು ಈ ಲೆಕ್ಕವನ್ನೇ ಹಿಡಿದು ಹೊರಟದ್ದರಲ್ಲಿ. ಮೊದಲು ಶುರುವಾದದ್ದು ಮನೆಗಳ ದುರಸ್ತಿಯಿಂದಲ್ಲ, ಹೆಂಗಸರ ದುಡಿಮೆಯಿಂದ. ಹೊಳೆ ಮತ್ತು ವಿಜಯನಗರ ಕಾಲದ ಕಾಲುವೆಗಳ ನೀರಿರುವ ಈ ಸೀಮೆಯಲ್ಲಿ ಬತ್ತದ ಜೊತೆ ಬಾಳೆ ಹೇರಳ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ಬದುವಿನಲ್ಲಿ ಕೊಳೆಯುತ್ತಿತ್ತು. ಅದರ ಪಟ್ಟೆ ಸೀಳಿ, ಒಣಗಿಸಿ, ಹುರಿ ಹೊಸೆದು ಚೀಲ, ಬುಟ್ಟಿ, ಚಾಪೆ ಹೆಣೆಯುವುದನ್ನು ಊರಿನ ಹೆಂಗಸರು ಕಲಿತರು. ಬೇರೆಯವರ ಗದ್ದೆಯ ಕೂಲಿಯನ್ನೇ ನಂಬಿದ್ದವರಿಗೆ ಮನೆಯ ಹತ್ತಿರವೇ, ನೆರಳಿನಲ್ಲಿ ಕೂತು ಮಾಡುವ ಗಳಿಕೆ ಸಿಕ್ಕಿತು. ಪರಂಪರೆ ಸಂರಕ್ಷಣೆಗೆ ಬಾಳೆ ನಾರಿಗೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಊರಲ್ಲಿ ದುಡಿಮೆ ಇದ್ದರೆ ಜನ ಊರಲ್ಲಿರುತ್ತಾರೆ. ಜನವಿದ್ದರೆ ಮನೆಗೆ ದೀಪ ಹತ್ತುತ್ತದೆ. ದೀಪ ಹತ್ತುವ ಮನೆಯ ಮಾಳಿಗೆ ಸೋರಿದರೆ ಯಾರಾದರೂ ಹತ್ತಿ ನೋಡುತ್ತಾರೆ. ಬೀಗ ಹಾಕಿದ ಮಣ್ಣಿನ ಮನೆ ನಾಲ್ಕು ಮಳೆಗಾಲ ತಡೆಯುವುದು ಕಷ್ಟ.

ಎರಡನೆಯ ಹೆಜ್ಜೆ ಆ ಹಳೆಯ ಮನೆಗಳಿಂದಲೇ ಗಳಿಕೆ ಬರುವಂತೆ ಮಾಡಿದ್ದು. ಪಾಳುಬೀಳುತ್ತಿದ್ದ ಕೆಲವು ಮನೆಗಳನ್ನು ಅದೇ ಕಲ್ಲು, ಮಣ್ಣು, ಸುಣ್ಣ, ಮರ ಬಳಸಿ ರಿಪೇರಿ ಮಾಡಿ, ಒಳಗೆ ಕಕ್ಕಸು, ಬಚ್ಚಲು, ಕರೆಂಟು ಕೂಡಿಸಿ, ಅತಿಥಿಗಳು ಉಳಿಯುವ ಜಾಗವನ್ನಾಗಿ, ಕಸುಬಿನ ಕೋಣೆಯನ್ನಾಗಿ, ಊರಿನ ವಿಷಯ ತಿಳಿಸುವ ಕೇಂದ್ರವನ್ನಾಗಿ ಬಳಕೆಗೆ ತರಲಾಯಿತು. 2000ರ ದಶಕದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೇರಿ ನಡೆಸಿದ ಗ್ರಾಮೀಣ ಪ್ರವಾಸೋದ್ಯಮ ಯೋಜನೆಗೆ ಕರ್ನಾಟಕದಿಂದ ಬನವಾಸಿಯ ಜೊತೆಗೆ ಆನೆಗೊಂದಿಯೂ ಆಯ್ಕೆಯಾಯಿತು. ಇದರಿಂದ ಊರಿಗೆ ಕಣ್ಣೆದುರಿನ ಒಂದು ಪುರಾವೆ ಸಿಕ್ಕಿತು: ಅಜ್ಜನ ಕಾಲದ ಪಡಸಾಲೆ, ಬೆಳಕಿಂಡಿ, ಮುಂದಿನ ಕಟ್ಟೆ ಇವು ನಾಚಿಕೆಯ ವಸ್ತುಗಳಲ್ಲ, ಬೆಲೆಯುಳ್ಳವು. ನೂರು ನಾಮಫಲಕ ಬರೆಸಿದ್ದರೂ ಈ ತಿಳಿವಳಿಕೆ ಬರುತ್ತಿರಲಿಲ್ಲ. ಅತಿಥಿ ಊರ ನಡುವಿನ ಮನೆಯಲ್ಲಿ ಉಳಿದಾಗ ಆತ ಓಣಿಯ ಕಣ್ಣಿನಲ್ಲಿರುತ್ತಾನೆ, ಅವನಿಗೂ ಒಂದು ಹದ್ದುಬಸ್ತು ಇರುತ್ತದೆ. ಗದ್ದೆಯಾಚೆ ಬೇಲಿ ಹಾಕಿಕೊಂಡ ರೆಸಾರ್ಟಿನಲ್ಲಿ ಉಳಿದವನಿಗೆ ಊರು ಕಾಣುವುದಿಲ್ಲ, ಊರಿಗೆ ಅವನೂ ಕಾಣುವುದಿಲ್ಲ. ಕಸದ ಕೆಲಸದ ಬಗ್ಗೆ ಇಲ್ಲಿ ಒಂದೇ ಮಾತು ಸಾಕು: ಪ್ರವಾಸಿಗರ ಪ್ಲಾಸ್ಟಿಕ್ಕನ್ನು ಹೊಳೆಗೆ ಬೀಳದಂತೆ ತಡೆಯುವುದೂ ಗುಡಿಯ ಗೋಡೆ ನಿಲ್ಲಿಸುವಷ್ಟೇ ಸಂರಕ್ಷಣೆಯ ಕೆಲಸ ಎಂದು ತಿಳಿದ ಸಂಸ್ಥೆಗಳು ನಮ್ಮಲ್ಲಿ ಇನ್ನೂ ಕಡಿಮೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಹೊರಗಿನಿಂದ ಬಂದ, ಓದಿದ, ಅಭಿರುಚಿಯುಳ್ಳವರು ಮಣ್ಣಿನ ಮನೆಯ ಸೊಬಗನ್ನು ಮೆಚ್ಚುತ್ತಾರೆ. ಸೋರುವ ಮಾಳಿಗೆಯ ಕೆಳಗೆ ಮಲಗುವವರು ಮಾತ್ರ ಊರವರು. ನಗರದವರ ಕಣ್ಣಿಗೆ ಹಬ್ಬವಾಗಲಿ ಎಂದು ಹಳ್ಳಿಯವರು ಹಳೆಯದರಲ್ಲೇ ಇರಬೇಕೆ ಎಂಬುದು ಆ ಪ್ರಶ್ನೆ. ಆರ್‌ಸಿಸಿ ಮನೆ ಕೇಳುವ ಕುಟುಂಬ ಕೇಳುವುದು ಸೋರದ ಸೂರು, ಮನೆಯೊಳಗೆ ಕಕ್ಕಸು, ಮಗಳ ಮದುವೆಗೆ ಬೀಗರೆದುರು ಮರ್ಯಾದೆ. ಈ ಮೂರೂ ನ್ಯಾಯವಾದ ಬೇಡಿಕೆಗಳೇ, ಇವನ್ನು ಕಡೆಗಣಿಸುವ ಸಂರಕ್ಷಣೆ ಉಳ್ಳವರ ಹವ್ಯಾಸವಾಗಿಯೇ ಉಳಿಯುತ್ತದೆ. ಆದರೆ ಆನೆಗೊಂದಿಯ ರಿಪೇರಿಗಳು ತೋರಿಸಿದ್ದು ಈ ಮೂರನ್ನೂ ಹಳೆಯ ಗೋಡೆಗಳ ಒಳಗೇ ಕೊಡಬಹುದು ಎಂಬುದನ್ನೇ. ಎರಡು ಮೊಳದ ಮಣ್ಣಿನ ಗೋಡೆ ಏಪ್ರಿಲ್ ಬಿಸಿಲಿನಲ್ಲಿ ಕೊಡುವ ತಂಪನ್ನು ಸಿಮೆಂಟಿನ ಛತ್ತು ಕೊಡಲಾರದು ಎಂಬುದು ಕೊಪ್ಪಳ ಜಿಲ್ಲೆಯ ಯಾವ ಅಜ್ಜಿಗಾದರೂ ಗೊತ್ತು. ಹಾಗೆಂದು ಎಲ್ಲ ಮನೆಗಳನ್ನೂ ಅತಿಥಿಗೃಹ ಮಾಡಲಾಗದು, ಮಾಡಲೂಬಾರದು. ಉಳಿದ ಮನೆಗಳಿಗೆ ಬೇಕಾದದ್ದು ರಿಪೇರಿಗೆ ಸರ್ಕಾರದ ಹಣ. ವಸತಿ ಯೋಜನೆಯ ಮೊತ್ತವನ್ನೇ ಇಂಥ ಊರುಗಳಲ್ಲಿ ಹಳೆಯ ಮನೆಯ ದುರಸ್ತಿಗೂ ಬಳಸಲು ಬಿಟ್ಟರೆ ಹೊಸ ಖಾತೆ ತೆರೆಯುವ ಅಗತ್ಯವೂ ಇಲ್ಲ. ಇದನ್ನು ಒಂದು ಟ್ರಸ್ಟ್ ಮಾಡಲಾಗದು, ಸರ್ಕಾರದ ಆದೇಶವೇ ಬೇಕು.

ಎರಡನೆಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ, ನನಗೆ ಹೆಚ್ಚು ಒಪ್ಪಿಗೆಯಾಗುವುದೂ ಇದೇ. ಕಸ, ಮನೆ, ಕಸುಬು, ಪ್ರವಾಸಿಗರ ವ್ಯವಸ್ಥೆ ಇವೆಲ್ಲ ಪಂಚಾಯಿತಿಯ ಕೆಲಸ. ಸಂವಿಧಾನದ 73ನೆಯ ತಿದ್ದುಪಡಿ, 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಅದಕ್ಕಾಗಿಯೇ ಬಂದವು. ಯಾರ ಮತವನ್ನೂ ಪಡೆಯದ ಟ್ರಸ್ಟ್ ಯಾರಿಗೆ ಉತ್ತರ ಕೊಡಬೇಕು? ಅದನ್ನು ನಡೆಸುವವರು ದಣಿದರೆ, ದಾನಿಗಳು ಹಿಂದೆ ಸರಿದರೆ ಊರಿನ ಗತಿಯೇನು? ಈ ಪ್ರಶ್ನೆಗೆ ಅಹಮದಾಬಾದಿನಲ್ಲಿ ಒಂದು ಉತ್ತರವಿದೆ. ಅಲ್ಲಿ 1996ರಲ್ಲಿ ಮಹಾನಗರ ಪಾಲಿಕೆಯೊಳಗೇ ಪರಂಪರೆಯ ಘಟಕ ಶುರುವಾಯಿತು, ಕ್ರುಟಾ ಎಂಬ ಸ್ವಯಂಸೇವಾ ಸಂಸ್ಥೆ ಅದರ ಜೊತೆ ನಿಂತಿತು. 1997ರಲ್ಲಿ, ಅಂದರೆ ಕಿಷ್ಕಿಂಧಾ ಟ್ರಸ್ಟ್ ಹುಟ್ಟಿದ ವರ್ಷವೇ, ಪೋಳ್ ಎಂಬ ಹಳೆಯ ಓಣಿಗಳ ನಡುವೆ ಪರಂಪರೆಯ ನಡಿಗೆ ಆರಂಭವಾಯಿತು. 2017ರಲ್ಲಿ ಆ ನಗರ ಭಾರತದ ಮೊದಲ ವಿಶ್ವ ಪರಂಪರೆ ನಗರವೆನಿಸಿತು. ಸಂಸ್ಥೆಯ ಹುರುಪು ಪಾಲಿಕೆಯ ಕಡತದೊಳಗೆ ಸೇರಿದ್ದರಿಂದ ಅದು ವ್ಯಕ್ತಿಗಳ ಮೇಲೆ ನಿಲ್ಲದೆ ಆಡಳಿತದ ರೂಢಿಯಾಯಿತು. ಆನೆಗೊಂದಿಯಲ್ಲಿ ಆಗದೆ ಉಳಿದದ್ದು ಇದು. ಅಲ್ಲಿನ ಕೆಲಸ ಪಂಚಾಯಿತಿಯ ಪಕ್ಕದಲ್ಲಿ ನಡೆಯಿತು. ಪಂಚಾಯಿತಿಯ ಉಪವಿಧಿಯಾಗಿ, ಬಜೆಟ್ಟಾಗಿ ನೆಲೆ ನಿಲ್ಲಲಿಲ್ಲ. ಅಹಮದಾಬಾದಿನಂಥ ಪಾಲಿಕೆಯ ವರಮಾನವೆಲ್ಲಿ, ಒಂದು ಗ್ರಾಮ ಪಂಚಾಯಿತಿಯ ವರಮಾನವೆಲ್ಲಿ ಎಂಬುದು ನಿಜ. ಆದರೆ ನಾನು ಕೇಳುತ್ತಿರುವುದು ಹಣದಲ್ಲಿ ಸಮಾನತೆಯನ್ನಲ್ಲ, ವ್ಯವಸ್ಥೆಯ ಸ್ವರೂಪವನ್ನು.

ಪಂಚಾಯಿತಿಯನ್ನೇ ದೂರಿ ಮುಗಿಸುವಂತೆಯೂ ಇಲ್ಲ. ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಪಂಚಾಯಿತಿ ತಾನೊಂದೇ ಮನೆ ಕಟ್ಟಲು ಪರವಾನಗಿ ಕೊಡುವಂತಿಲ್ಲ. ಪ್ರಾಧಿಕಾರದ ಕಚೇರಿ ಹೊಳೆಯಾಚೆ. 2021ರಿಂದ ಆ ದಂಡೆ ವಿಜಯನಗರ ಜಿಲ್ಲೆ, ಈ ದಂಡೆ ಕೊಪ್ಪಳ. ಮನೆಯ ಹಿಂದಿನ ಒಂದು ಗೋಡೆ ಬಿದ್ದರೆ ಎತ್ತಲು ಕಾಗದ ಹಿಡಿದು ಹೊಳೆ ದಾಟಬೇಕಾದ ಬಡವನಿಗೆ ಪರಂಪರೆ ಎಂದರೆ ಒಂದು ಅಡ್ಡಿಯಾಗಿಯೇ ತೋರುತ್ತದೆ. ಈ ಕಹಿ ಈಗಿನದಲ್ಲ. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಬರುತ್ತದೆ ಎಂದು ಜನ ವರ್ಷಗಟ್ಟಲೆ ಕಾದರು. ಆ ಸೇತುವೆಯಿಂದ ಸ್ಮಾರಕಗಳ ನಡುವೆ ಭಾರಿ ವಾಹನ ಓಡುತ್ತವೆ ಎಂಬ ಕಾರಣಕ್ಕೆ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ಅರ್ಧಕ್ಕೆ ನಿಂತು ಮತ್ತೆ ಶುರುವಾಗಿದ್ದ ಆ ಸೇತುವೆಯೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಅಷ್ಟು ವರ್ಷ ಊರವರಿಗೆ ಹರಿಗೋಲೇ ಗತಿಯಾಗಿತ್ತು. ಸೇತುವೆ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಪ್ಯಾರಿಸ್, ದೆಹಲಿ, ಬೆಂಗಳೂರುಗಳಲ್ಲಿ ಚರ್ಚಿಸಲಾಯಿತು. ಬಸುರಿಯನ್ನು ರಾತ್ರಿ ಹೊಳೆ ದಾಟಿಸುವ ಮನೆಯವರ ಮಾತು ಆ ಚರ್ಚೆಯಲ್ಲಿ ಕೇಳಲಿಲ್ಲ. ಕೊನೆಗೆ ಕಡೆಬಾಗಿಲು–ಬುಕ್ಕಸಾಗರ ನಡುವೆ, ಮೂಲ ವಲಯದ ಕೇಂದ್ರದಿಂದ ದೂರದಲ್ಲಿ ಸೇತುವೆ ಬಂತು. ಅಂದರೆ ಸ್ಮಾರಕಕ್ಕೂ ಜನಕ್ಕೂ ಹೊಂದುವ ಜಾಗ ಇತ್ತು. ಅದನ್ನು ಮೊದಲೇ ಹುಡುಕಲು ಎರಡೂ ಕಡೆಯ ಮಾತು ಬಲ್ಲವರು ಒಂದೆಡೆ ಕೂರಬೇಕಿತ್ತು. ಹಂಪಿ ಬಜಾರಿನಲ್ಲಿ 2011ರಲ್ಲಿ ಮಂಟಪಗಳ ಸಾಲಿನಲ್ಲಿ ಬದುಕುತ್ತಿದ್ದ ಕುಟುಂಬಗಳನ್ನು ತೆರವು ಮಾಡಿದಾಗಲೂ ಕೊರತೆಯಾದದ್ದು ಇದೇ.

ಈಗ ಸಾಣಾಪುರಕ್ಕೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಲಾಶಯವನ್ನೇ ಜನ ಸಾಣಾಪುರ ಕೆರೆ ಎನ್ನುತ್ತಾರೆ. ಬಂಡೆಗುಡ್ಡಗಳ ನಡುವಿನ ಆ ನೀರು, ಹರಿಗೋಲು, ಸಂಜೆಯ ಬಿಸಿಲು ಹುಡುಗರನ್ನು ದೂರದಿಂದ ಎಳೆದು ತರುತ್ತವೆ. ಆಳ, ಸೆಳವು ಗೊತ್ತಿಲ್ಲದೆ ಅಲ್ಲಿಯ ಹೊಳೆಗೆ ಜಿಗಿದು ಜೀವ ಕಳೆದುಕೊಂಡವರಿದ್ದಾರೆ. 2025ರ ಮಾರ್ಚ್ 6ರ ರಾತ್ರಿ ಕಾಲುವೆಯ ದಂಡೆಯಲ್ಲಿ ಇಬ್ಬರು ಮಹಿಳೆಯರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದವರನ್ನು ನೀರಿಗೆ ತಳ್ಳಲಾಯಿತು, ಒಡಿಶಾದ ಒಬ್ಬ ಪ್ರವಾಸಿಗ ಸತ್ತ. ಆ ಕ್ರೌರ್ಯದ ಹೊಣೆ ಅದನ್ನು ಮಾಡಿದವರದೇ. ಊರಿನಲ್ಲಿ ಒಂದು ಸಂಘವಿದ್ದಿದ್ದರೆ ಅದು ನಡೆಯುತ್ತಿರಲಿಲ್ಲ ಎಂದು ಯಾರೂ ಹೇಳಲಾಗದು, ನಾನೂ ಹೇಳುವುದಿಲ್ಲ. ನಾನು ನೋಡುತ್ತಿರುವುದು ಅದರ ನಂತರದ್ದನ್ನು. ಘಟನೆಯಾದ ಮೇಲೆ ಅನಧಿಕೃತ ರೆಸಾರ್ಟು, ಹೋಂಸ್ಟೇಗಳ ಮೇಲೆ ಕ್ರಮ ಶುರುವಾಯಿತು. ಯಾವುದಕ್ಕೆ ಪರವಾನಗಿ ಇದೆ, ಯಾವುದಕ್ಕಿಲ್ಲ, ಯಾರು ಎಲ್ಲಿ ಉಳಿದಿದ್ದಾರೆ ಎಂಬ ಲೆಕ್ಕಕ್ಕೆ ಅನಾಹುತವೇ ಆಗಬೇಕಿತ್ತೆ? ಮನೆಯವರು ಅಲ್ಲೇ ವಾಸವಿದ್ದು ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟರೆ ಅದು ಹೋಂಸ್ಟೇ. ಗದ್ದೆಯನ್ನು ಗುತ್ತಿಗೆಗೆ ಹಿಡಿದು ಸಾಲು ಗುಡಿಸಲು ಹಾಕಿದರೆ ಅದು ಬೇರೆಯೇ ಉದ್ಯಮ. ಈ ವ್ಯತ್ಯಾಸ ಊರಿನ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಅದನ್ನು ಬರೆದಿಡುವ, ಹೇಳುವ, ಹೇಳಿದ್ದಕ್ಕೆ ಬೆಲೆ ಸಿಗುವ ಒಂದು ಜಾಗ ಮಾತ್ರ ಇರಲಿಲ್ಲ.

ಇಂಥ ಜಾಗ ಹೇಗಿರಬೇಕು ಎಂಬುದಕ್ಕೆ ಆನೆಗೊಂದಿಯ ಅನುಭವದ ಒಳಿತೂ ಕೊರತೆಯೂ ದಾರಿ ತೋರುತ್ತವೆ. ಸಾಣಾಪುರದಲ್ಲಿ ಬೇಕಾದದ್ದು ಹರಿಗೋಲು ಹಾಕುವವರು, ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವವರು, ಗದ್ದೆಯವರು, ಹೆಂಗಸರ ಸ್ವಸಹಾಯ ಗುಂಪಿನವರು ಸೇರಿದ ಒಂದು ಸಂಘ. ಅದರ ನಡಾವಳಿ ಗ್ರಾಮಸಭೆಯ ಮುಂದೆ ಬರಬೇಕು, ಲೆಕ್ಕ ಅಲ್ಲಿಯೇ ಓದಬೇಕು. ಸಂಘ ಗುರುತಿಸಿದ ಹೋಂಸ್ಟೇಗಳ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲಿರಬೇಕು, ಪೊಲೀಸ್ ಠಾಣೆಯಲ್ಲೂ ಇರಬೇಕು. ಪ್ರಾಧಿಕಾರದ ಅಧಿಕಾರಿ ಗೊತ್ತಾದ ದಿನ ಈ ದಂಡೆಗೆ ಬಂದು ಮನೆ ರಿಪೇರಿಯ ಅರ್ಜಿಗಳನ್ನು ಊರಲ್ಲೇ ತೀರ್ಮಾನಿಸಬೇಕು. ಹೀಗೆ ಮಾಡಿದರೆ ಉಳ್ಳವರು, ರಾಜಕೀಯ ಬಲವುಳ್ಳವರು ಸಂಘವನ್ನೇ ವಶಪಡಿಸಿಕೊಳ್ಳುತ್ತಾರೆ ಎಂಬ ಅಂಜಿಕೆ ಸುಳ್ಳಲ್ಲ. ಹಳ್ಳಿಯ ಸಹಕಾರ ಸಂಘಗಳಲ್ಲಿ ಅದನ್ನು ಕಂಡಿದ್ದೇವೆ. ಆದರೆ ಈಗಿನ ಸ್ಥಿತಿಯಲ್ಲಿ ಅವರ ಹಿಡಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕಾದಾಗ ಕೇಳುವ ಬಾಯಿಗಳಾದರೂ ಇರುತ್ತವೆ.

ಈ ಕೆಲಸಕ್ಕೆ ಹೊತ್ತು ಮೀರುತ್ತಿದೆ. ಆನೆಗೊಂದಿ ಬಳಿಯ, ಹನುಮ ಹುಟ್ಟಿದ ಜಾಗವೆಂದು ಭಕ್ತರು ನಂಬುವ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆಂದೇ 2022ರ ರಾಜ್ಯ ಬಜೆಟ್ಟಿನಲ್ಲಿ 100 ಕೋಟಿ ರೂಪಾಯಿ ಘೋಷಣೆಯಾಯಿತು. ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಅವರ ವಾಹನಗಳು ಹಾಯುವುದು ಇವೇ ಸಣ್ಣ ಊರುಗಳ ಮೂಲಕ. ಇದೇ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲಿನ ಶಿಲಾಯುಗೋತ್ತರ ಕಲ್ಮನೆಗಳ ನೆಲೆ, ಜನ ಮೋರೇರ ಮನೆಗಳು ಎನ್ನುವುದು, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಅಲ್ಲಿ ಇನ್ನೂ ರೆಸಾರ್ಟಿನ ಸಾಲಿಲ್ಲ, ತೆರವಿನ ನೋಟಿಸೂ ಇಲ್ಲ. ಸಂಘ ಕಟ್ಟಲು, ಗುಡ್ಡದ ದಾರಿ ತೋರುವ ಕೆಲಸವನ್ನು ಊರಿನ ಹುಡುಗ ಹುಡುಗಿಯರಿಗೆ ಕಲಿಸಲು, ವಾಹನ ಎಲ್ಲಿ ನಿಲ್ಲಬೇಕು, ಕಟ್ಟಡ ಎಲ್ಲಿಯವರೆಗೆ ಬರಬಹುದು ಎಂದು ಗ್ರಾಮಸಭೆ ತೀರ್ಮಾನಿಸಲು ಅಲ್ಲಿ ಕಾಲವಿದೆ. ಕೊಪ್ಪಳ ಜಿಲ್ಲಾಡಳಿತ ಆ ಗ್ರಾಮಸಭೆಯನ್ನು ಹಿರೇಬೆಣಕಲ್ ಕಾಯಂ ಪಟ್ಟಿ ಸೇರುವ ಮುನ್ನವೇ ಕರೆಯಬೇಕು.